ಮನ್ಯಾಗಿನ ಗದ್ಲ ಕಡಿಮಿ ಮಾಡೋದು ಹೆಂಗ? ರೊಕ್ಕ ಹಾಕೂಕಿಂತ ಮೊದಲ ಸಪ್ಪಳದ ದಾರಿ ಹುಡಕ್ರಿ

ಬೆಳಗಾವ್ಯಾಗ ವಡಗಾವಿ, ಖಾಸಬಾಗ, ಶಹಾಪುರ ಕಡೆ ಇರೋರಿಗೆ ಪಾವರ್‌ಲೂಮ್ (ಕರೆಂಟ್ ಮಗ್ಗ) ಸಪ್ಪಳ, ಟಿಳಕವಾಡಿಯವರಿಗೆ ರೈಲ್ವೆ ಗೇಟಿನ ಹಾರ್ನು, ಬಾಗಲಕೋಟಿ ಜಿಲ್ಲಾದ ರಬಕವಿ-ಬನಹಟ್ಟಿಗೆ ಹೋದ್ರ ಮತ್ತ ಮಗ್ಗ, ಇವೆಲ್ಲಾ ಇಲ್ಲದ ಓಣ್ಯಾಗ ಬಾಜೂ ಮನಿ ಬೋರ್ ಮೋಟಾರ್ ಇದ್ದೇ ಇರ್ತೈತಿ. ಇದರಿಂದ ಬ್ಯಾಸತ್ತವರು ಆನ್‌ಲೈನ್‌ನ್ಯಾಗ ಕರಿ ಫೋಮ್ ಶೀಟ್ ತರಿಸಿ ಗ್ವಾಡಿ ತುಂಬ ಅಂಟಿಸ್ತಾರ, ಕಡೀಗೆ ಏನೂ ಫರಕ್ ಆಗಂಗಿಲ್ಲ. ಯಾಕಂದ್ರ ಸಪ್ಪಳ ಯಾವ ದಾರಿಯಿಂದ ಬರಾಕತ್ತೈತಿ ಅನ್ನೂದನ್ನ ಯಾರೂ ನೋಡಿರಂಗಿಲ್ಲ. ಆ ದಾರಿ ಗೊತ್ತಾದ್ರ ಅರ್ಧ ಕೆಲಸ ಹಾರ್ಡ್‌ವೇರ್ ಅಂಗಡಿ ಸಾಮಾನಿನ್ಯಾಗ ಮುಗಿತೈತಿ.

ಮೊದಲ ಅಳೀರಿ

ಫೋನಿನ್ಯಾಗ ಸೌಂಡ್ ಮೀಟರ್ ಆ್ಯಪ್ ಹಾಕ್ಕೊಳ್ರಿ. ಐಫೋನ್ ಇದ್ದವರಿಗೆ ಕೆಲಸಗಾರರ ಆರೋಗ್ಯ ನೋಡೋ ಅಮೆರಿಕದ ನಯೋಶ್ (NIOSH) ಸಂಸ್ಥೆ ಮಾಡಿದ ಆ್ಯಪ್ ಪುಕ್ಕಟ ಸಿಗ್ತೈತಿ, ಛಲೋ ಐತಿ. ಆಂಡ್ರಾಯ್ಡ್‌ನ್ಯಾಗ ಒಂದೊಂದು ಫೋನಿನ ಮೈಕ್ ಒಂದೊಂದು ನಮೂನಿ ಇರ್ತಾವ, ಹಂಗಾಗಿ ಅದು ತೋರಿಸೋ ನಂಬರ್ ಪಕ್ಕಾ ಅಂತ ತಿಳ್ಕೋಬ್ಯಾಡ್ರಿ, ಆದ್ರ ಮೊದಲ ಎಷ್ಟಿತ್ತು ಆಮ್ಯಾಲ ಎಷ್ಟಾತು ಅನ್ನೂದಕ್ಕ ಅದ ಸಾಕು. ಒಂದ ಜಾಗಾದಾಗ ಇಟ್ಟು, ಹಗಲೊಮ್ಮೆ ರಾತ್ರಿ ಒಮ್ಮೆ ನೋಡಿ ಬರದಿಡ್ರಿ.

ಡೆಸಿಬಲ್ ಲೆಕ್ಕ ನಮ್ಮ ದಿನದ ಲೆಕ್ಕದಂಗ ಅಲ್ರಿ. 10 ಡೆಸಿಬಲ್ ಜಾಸ್ತಿ ಆದ್ರ ಸಪ್ಪಳದ ಶಕ್ತಿ ಹತ್ತುಪಟ್ಟು ಆಗ್ತೈತಿ, ಕಿವಿಗೆ ಸುಮಾರು ಎರಡಪಟ್ಟು ಅನಸ್ತೈತಿ. ಅಂದ್ರ 60 ಇದ್ದದ್ದು 50ಕ್ಕ ಇಳದ್ರೂ ಗದ್ಲ ಅರ್ಧ ಆದಂಗ. 2000ನೇ ಇಸವಿ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನ ವಸ್ತಿ ಇರೋ ಏರಿಯಾದಾಗ ಹಗಲ 55, ರಾತ್ರಿ 45 ಡೆಸಿಬಲ್ ಮಿತಿ ಐತಿ, ರಾತ್ರಿ ಅಂದ್ರ 10ರಿಂದ ಮುಂಜಾನೆ 6. ಇದಕ್ಕಿಂತ 10 ಡೆಸಿಬಲ್ ಮ್ಯಾಲ ಹೋದ್ರ, ಇಲ್ಲಾ ರಾತ್ರಿ ನಿಯಮ ಮುರದ್ರ ಕಂಪ್ಲೇಂಟ್ ಕೊಡಾಕ ನಿಮಗ ಹಕ್ಕೈತಿ. ತಾರೀಖು, ಟೈಮು, ಜಾಗಾ, ಆ್ಯಪಿನ ಸ್ಕ್ರೀನ್‌ಶಾಟ್ ಇದ್ರ ಮಾತಿಗೆ ತೂಕ ಬರ್ತೈತಿ, ತುರ್ತಿದ್ರ 112ಕ್ಕ ಫೋನ್ ಮಾಡ್ರಿ. ಬಾಜೂ ಮನಿಯವರ ಜೋಡಿ ಮಾತಾಡಿ ಬಗೆಹರಿತೈತಿ ಅಂದ್ರ ಮೊದಲ ಅದನ್ನ ಮಾಡ್ರಿ, ನಾಳೆ ಮುಂಜಾನೆ ಮತ್ತ ಅವರ ಮುಖ ನೋಡಬೇಕಲ್ರಿ.

ಗ್ವಾಡಿಗೆ ಕಿವಿ ಹಚ್ಚಿ ನೋಡ್ರಿ

ಸಪ್ಪಳ ಎರಡು ದಾರಿಯಿಂದ ಬರ್ತೈತಿ. ಒಂದು ಗಾಳಿ ಮ್ಯಾಲ, ಅಂದ್ರ ಹಾರ್ನು, ಮಾತು, ಡಿಜೆ. ಇನ್ನೊಂದು ಕಟ್ಟಡದ ಮೈಯಾಗಿಂದ, ಅಂದ್ರ ಮೋಟಾರ್, ಮಗ್ಗ, ಮ್ಯಾಲಿನ ಮನ್ಯಾಗ ಕುರ್ಚಿ ಎಳಿಯೋದು. ಪರೀಕ್ಷಾ ಭಾಳ ಸರಳ ಐತಿ. ಕಿಡಕಿ ಬಾಗಲಾ ಎಲ್ಲಾ ಹಾಕ್ಕೊಂಡು ಗ್ವಾಡಿ ಮ್ಯಾಲ ಅಂಗೈ ಇಡ್ರಿ, ಆಮ್ಯಾಲ ಕಿವಿ ಹಚ್ರಿ. ಕೈಗೆ ನಡುಕ ತಟ್ಟಿದ್ರ, ಗ್ವಾಡಿಗೆ ಕಿವಿ ಹಚ್ಚಿದಾಗ ಸಪ್ಪಳ ಜೋರ ಆದ್ರ ಅದು ಕಟ್ಟಡದಾಗಿಂದ ಬರಾಕತ್ತೈತಿ, ಅದಕ್ಕ ಕಿಡಕಿ ಬದಲಿ ಮಾಡಿ ಏನೂ ಉಪಯೋಗಿಲ್ಲ. ಕಿಡಕಿ ಹತ್ರ ಹೋದಂಗ ಜೋರ ಆದ್ರ ಅದು ಗಾಳಿ ಸಪ್ಪಳ.

ಹುಟ್ಟೋ ಜಾಗಾದಾಗ ಹಿಡೀರಿ

ಕಟ್ಟಡದ ಸಪ್ಪಳಕ್ಕ ಇದ ಔಷಧ. ಮೋಟಾರನ್ನ ಸ್ಲ್ಯಾಬಿಗೆ ಸೀದಾ ಬೋಲ್ಟ್ ಹೊಡದಿದ್ರ ಅದರ ನಡುಕ ಮನಿ ತುಂಬ ಹಬ್ಬತೈತಿ. ಕೆಳಗ ದಪ್ಪ ರಬ್ಬರ್ ಪ್ಯಾಡ್ ಹಾಕಿ, ಬೋಲ್ಟಿಗೂ ರಬ್ಬರ್ ವಾಶರ್ ಹಾಕಿ ಬಿಗೀರಿ, ಪೈಪಿನ ನಡುವ ಒಂದ ತುಂಡು ರಬ್ಬರ್ ಹೋಸ್ ಕೂಡಸ್ರಿ, ಯಾಕಂದ್ರ ನಡುಕ ಪೈಪ್ ಹಿಡಕೊಂಡೂ ಹೋಗ್ತೈತಿ. ಪೈಪ್ ಗ್ವಾಡಿಗೆ ಹಿಡಿಯೋ ಕ್ಲಾಂಪಿನ ಒಳಗ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ರೂ ನಡಿತೈತಿ. ಮಿಕ್ಸರ್ ಕೆಳಗೂ ಒಂದು ರಬ್ಬರ್ ಮ್ಯಾಟ್ ಹಾಕ್ರಿ.

ಫ್ಯಾನಿನ ಮಾತ ಬ್ಯಾರೆ ಐತಿ. ಕರೆಂಟ್ ಹೋಗಿ ಇನ್ವರ್ಟರ್ ಮ್ಯಾಲ ನಡದಾಗಷ್ಟ ಫ್ಯಾನ್ ಗುಂಯ್ ಅಂತಿದ್ರ ಅದು ಫ್ಯಾನಿನ ತಪ್ಪಲ್ಲ, ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರ್ತೈತಿ, ಮುಂದಿನ ಸಲ ಸೈನ್ ವೇವ್ ಕೇಳಿ ತಗೊಳ್ರಿ. ಕಡಿಮಿ ಸ್ಪೀಡಿನ್ಯಾಗ ಮಾತ್ರ ಗುಂಯ್‌ಗುಡತಿದ್ರ ರೆಗ್ಯುಲೇಟರ್ ನೋಡ್ರಿ, ಕೆಪಾಸಿಟರ್ ಇರೋ ಸ್ಟೆಪ್ ರೆಗ್ಯುಲೇಟರ್ ಹಾಕಿಸಿದ್ರ ಆ ಗುಂಯ್ ಹೋಗ್ತೈತಿ. ಎಲ್ಲಾ ಸ್ಪೀಡಿನ್ಯಾಗೂ ಟಕ್ ಟಕ್ ಅಂದ್ರ ಮ್ಯಾಲ ಹುಕ್ಕಿನ್ಯಾಗಿರೋ ರಬ್ಬರ್ ಬುಶ್ ಸವದಿರಬೇಕು, ಇಲ್ಲಾ ರೆಕ್ಕಿ ಸ್ಕ್ರೂ ಸಡಲ ಆಗಿರಬೇಕು.

ಇನ್ನ ಮಗ್ಗ. ಲಾಳಿ (ಅಡ್ಡ ನೂಲು ಒಯ್ಯೋ ತುಂಡು) ಇರೋ ಮಗ್ಗದಾಗ ದೊಡ್ಡ ಸಪ್ಪಳ ಬರೂದು ಲಾಳಿನ್ನ ಹೊಡಿಯೋ ಹೊತ್ತಿನ್ಯಾಗ ಮತ್ತ ಆ ಕಡೆ ಲಾಳಿ ಬಂದು ನಿಲ್ಲೋ ಹೊತ್ತಿನ್ಯಾಗ. ಆ ಏಟು ತಡಿಯೋ ಪಟ್ಟಿ, ಬಫರ್ ಸವದ್ರ ಸಪ್ಪಳ ಏರತೈತಿ, ಮಗ್ಗ ರಿಪೇರಿ ಮಾಡೋ ಜಾಬರ್‌ಗೆ ಹೇಳಿ ಟೈಮಿಗೆ ಬದಲಿ ಮಾಡಸ್ರಿ. ಮಗ್ಗದ ಕಾಲಿನ ಕೆಳಗ ಆ್ಯಂಟಿ ವೈಬ್ರೇಶನ್ ಪ್ಯಾಡ್ ಹಾಕಿದ್ರ ಶೆಡ್ಡಿನ ಒಳಗಿನ ಸಪ್ಪಳ ಹೆಚ್ಚೇನೂ ಇಳಿಯಂಗಿಲ್ಲ, ಆದ್ರ ಬಾಜೂ ಮನಿಗೆ, ಮ್ಯಾಲಿನ ಮನಿಗೆ ಹೋಗೋ ನಡುಕ ಇಳಿತೈತಿ. ಕೆಳಗ ಮಗ್ಗ ಮ್ಯಾಲ ಸಂಸಾರ ಇದ್ದವರು ಇದನ್ನ ಮಾಡಸಲೇಬೇಕು ಅಂತ ನನ್ನ ಮಾತು.

ಸಂದಿ ಮುಚ್ಚರಿ

ಗಾಳಿ ಸಪ್ಪಳಕ್ಕ ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಒಂಬತ್ತಿಂಚಿನ ಇಟ್ಟಂಗಿ ಗ್ವಾಡಿ ಸುಮಾರು 50 ಡೆಸಿಬಲ್ ತಡಿತೈತಿ, ಅದರ ಬಗ್ಗೆ ಚಿಂತಿ ಬ್ಯಾಡ. ಆದ್ರ ಸಪ್ಪಳ ನೀರಿನಂಗ, ಸಣ್ಣ ಸಂದಿ ಸಿಕ್ರೂ ಒಳಗ ಬರ್ತೈತಿ. ಲೆಕ್ಕಾ ನೋಡ್ರಿ: 90 ಸೆಂಟಿಮೀಟರ್ ಅಗಲ, 210 ಎತ್ತರದ ಬಾಗಲಾ, ಕೆಳಗ 2 ಸೆಂಟಿಮೀಟರ್ ಸಂದಿ. ಅದು ಬಾಗಲದ ಸುಮಾರು 1 ಪರ್ಸೆಂಟ್ ಅಷ್ಟ ಆತು. ಅಷ್ಟ ಸಂದಿ ಇದ್ರ ಆ ಬಾಗಲಾ ಸಾಗವಾನಿ ಇರಲಿ ಕಬ್ಬಿಣದ್ದ ಇರಲಿ, 20 ಡೆಸಿಬಲ್‌ಗಿಂತ ಹೆಚ್ಚು ತಡಿಯಂಗಿಲ್ಲ!

ಹಂಗಾಗಿ ಬಾಗಲಾ ಕೆಳಗ ರಬ್ಬರಿನ ಡೋರ್ ಸೀಲ್ ಹಾಕ್ರಿ, ಚೌಕಟ್ಟಿನ ಸುತ್ತ ಅಂಟೋ ಫೋಮ್ ಟೇಪ್ ಹಚ್ರಿ, ಕಿಡಕಿ ಚೌಕಟ್ಟು ಗ್ವಾಡಿ ಕೂಡೋ ಕಡೆ ಸಿಲಿಕಾನ್ ತುಂಬ್ರಿ, ಎಸಿ ಪೈಪ್ ಕೇಬಲ್ ಬಂದ ತೂತನ್ನೂ ಮರೀಬ್ಯಾಡ್ರಿ. ಕತ್ತಲದಾಗ ಹೊರಗಿನಿಂದ ಒಬ್ಬರು ಟಾರ್ಚ್ ಬಿಡ್ರಿ, ಒಳಗ ಬೆಳಕ ಕಂಡ ಕಡೆ ಎಲ್ಲಾ ಸಪ್ಪಳನೂ ಬರಾಕತ್ತೈತಿ. ಗ್ಯಾಸ್ ಇರೋ ಅಡಗಿಮನಿ, ಗೀಸರ್ ಇರೋ ಬಚ್ಚಲಕ್ಕ ಮಾತ್ರ ಗಾಳಿ ಬಿಡಲೇಬೇಕು, ಅಲ್ಲಿ ಮುಚ್ಚಬ್ಯಾಡ್ರಿ. ಮಲಗೋ ಖೋಲಿ ಒಂದನ್ನ ಮೊದಲ ಮಾಡ್ರಿ.

ಅದಾದಮ್ಯಾಲೂ ಸಾಲದಿದ್ರ ಕಿಡಕಿ ಗಾಜು ನೋಡ್ರಿ. ತೆಳ್ಳನ ಡಬಲ್ ಗ್ಲಾಸ್ ಅಂತ ಹೇಳಿ ಮಾರ್ತಾರ, ಅದು ಬಿಸಿಲಿಗೆ ಛಲೋ, ಆದ್ರ ಲಾರಿ ಬಸ್ಸಿನ ದಪ್ಪ ಸಪ್ಪಳಕ್ಕ ಅಷ್ಟ ಆಗಂಗಿಲ್ಲ. ನಡುವ ಪ್ಲಾಸ್ಟಿಕ್ ಪದರ ಇರೋ ಲ್ಯಾಮಿನೇಟೆಡ್ ಗ್ಲಾಸ್ ಕೇಳ್ರಿ. ಇಲ್ಲಾ ಇರೋ ಕಿಡಕಿ ಹಂಗ ಬಿಟ್ಟು ಒಳಗ ನಾಕಿಂಚು ಸರಿದು ಇನ್ನೊಂದು ಕಿಡಕಿ ಕೂಡಸ್ರಿ, ನಡುವಿನ ಅಂತರ ದೊಡ್ಡದಿದ್ದಷ್ಟೂ ಛಲೋ.

ಫೋಮ್ ಶೀಟು, ಕೌದಿ, ಪಡದೆ

ಇವು ಹೊರಗಿನ ಸಪ್ಪಳ ತಡಿಯಾಕಲ್ಲ, ಒಳಗಿನ ಪ್ರತಿಧ್ವನಿ ಕಡಿಮಿ ಮಾಡಾಕ. ವಿಜಯಪುರದ ಗೋಲಗುಂಬಜದಾಗ ಒಂದ ಮಾತು ಮತ್ತ ಮತ್ತ ತಿರುಗಿ ಕೇಳಸೋದು ಗಟ್ಟಿ ಗ್ವಾಡಿಗೆ ಸಪ್ಪಳ ಬಡದು ವಾಪಸ್ ಬರೋದಕ್ಕ. ಈಗಿನ ಹೊಸ ಮನ್ಯಾಗ ಟೈಲ್ಸು, ಪಿಓಪಿ, ಖಾಲಿ ಪಡಸಾಲಿ ಇದ್ರ ಸಣ್ಣದಾಗಿ ಅದ ಆಗ್ತೈತಿ, ಟಿವಿ ಸೌಂಡ್ ಏರಸ್ತೀವಿ, ಮಾತೂ ಜೋರ ಆಗ್ತೈತಿ. ಅಲ್ಲಿ ಜಮಖಾನಾ ಹಾಸ್ರಿ, ದಪ್ಪ ಪಡದೆ ಕಟ್ರಿ, ಅವ್ವ ಹೊಲದ ಕೌದಿ ಟ್ರಂಕಿನ್ಯಾಗ ಇದ್ರ ಗ್ವಾಡಿಗೆ ತೂಗ ಹಾಕ್ರಿ, ಕರಿ ಫೋಮಿಗಿಂತ ನೋಡಾಕೂ ಚೆಂದ ಕಾಣತೈತಿ. ತತ್ತಿ ಟ್ರೇ ಅಂಟಸೋದು ಸುಮ್ನ ದಂಡ, ಬೆಂಕಿ ಹತ್ತೋ ಭಯ ಬ್ಯಾರೆ.

ಎಎನ್‌ಸಿ ಹೆಡ್‌ಫೋನ್ ಯಾವಾಗ ತಗೋಬೇಕು

ಎಎನ್‌ಸಿ ಅಂದ್ರ ಆ್ಯಕ್ಟಿವ್ ನಾಯ್ಸ್ ಕ್ಯಾನ್ಸಲಿಂಗ್, ಸಪ್ಪಳ ಅಳಸೋ ಹೆಡ್‌ಫೋನ್. ಇದರ ಮೈಕ್ ಹೊರಗಿನ ಸಪ್ಪಳ ಕೇಳಿ, ಒಳಗಿನ ಚಿಪ್ಪು ಅದಕ್ಕ ಉಲ್ಟಾ ಅಲೆ ಹುಟ್ಟಸ್ತೈತಿ, ಎರಡೂ ಕೂಡಿ ಒಂದನ್ನೊಂದು ಕೊಲ್ಲತಾವ. ಜರ್ಮನಿಯ ಪೌಲ್ ಲ್ಯೂಗ್‌ಗೆ 1936ರಾಗ ಈ ಉಲ್ಟಾ ಅಲೆ ಉಪಾಯದ ಪೇಟೆಂಟ್ ಸಿಕ್ಕಿತ್ತು, 1978ರಾಗ ವಿಮಾನದಾಗ ಕುಂತಾಗ ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್ ಅವರಿಗೆ ಹೆಡ್‌ಫೋನಿನ ವಿಚಾರ ಹೊಳದು, 1989ರಾಗ ಪೈಲಟ್‌ಗಳ ಹೆಡ್‌ಸೆಟ್ ಮಾರಾಟಕ್ಕ ಬಂತು. ಒಂದ ಸವನ ಗುಂಯ್ ಅನ್ನೋ ದಪ್ಪ ಸಪ್ಪಳಕ್ಕ ಇದು ಮಸ್ತ್: ಬೆಂಗಳೂರಿಗೆ ಹೋಗೋ ರಾತ್ರಿ ಬಸ್ಸು, ಟ್ರೇನು, ಕೂಲರ್. ಹಾರ್ನು, ಕೂಸಿನ ಅಳು, ಮಗ್ಗದ ಖಟ್ ಖಟ್‌ಗೆ ಅಷ್ಟ ಕೆಲಸ ಮಾಡಂಗಿಲ್ಲ, ಅಲ್ಲಿ ಕಿವಿ ಮುಚ್ಚೋ ರಬ್ಬರ್ ಟಿಪ್ಪೇ ಅರ್ಧ ಕೆಲಸ ಮಾಡ್ತೈತಿ, ಸರಿ ಸೈಜಿನ ಟಿಪ್ ಹಾಕ್ಕೊಳ್ರಿ. ರಸ್ತೆ ದಾಟೂವಾಗ, ಗಾಡಿ ಮ್ಯಾಲ ಇದನ್ನ ಹಾಕ್ಕೋಬ್ಯಾಡ್ರಿ. ಮನ್ಯಾಗ ಆನ್‌ಲೈನ್ ಕ್ಲಾಸ್, ಮೀಟಿಂಗ್ ಇದ್ದವರು ಝೂಮ್, ಗೂಗಲ್ ಮೀಟ್ ಸೆಟ್ಟಿಂಗ್ಸ್‌ನ್ಯಾಗ ಹಿಂದಿನ ಸದ್ದು ಕಡಿಮಿ ಮಾಡೋ ಆಪ್ಶನ್ ಆನ್ ಮಾಡ್ರಿ, ಅದರಿಂದ ಆ ಕಡೆ ಕೇಳೋರಿಗೆ ಆರಾಮ ಆಗ್ತೈತಿ.

ಮಗ್ಗದ ಮುಂದ ನಿಂದ್ರೋರಿಗೆ

ಇದನ್ನ ಮಾತ್ರ ಖರೇನ ಮನಸ್ಸಿಟ್ಟು ಓದ್ರಿ. 85 ಡೆಸಿಬಲ್‌ನ್ಯಾಗ 8 ತಾಸು, 88ಕ್ಕ 4 ತಾಸು, 91ಕ್ಕ 2 ತಾಸು, 94ಕ್ಕ ಒಂದ ತಾಸು, ಇದು ನಯೋಶ್ ಹೇಳೋ ಮಿತಿ. ಪಾವರ್‌ಲೂಮ್ ಶೆಡ್ಡಿನ್ಯಾಗ 90 ದಾಟೋದು ಮಾಮೂಲಿ, ಪಾಳಿ ಪೂರ್ತಿ ಅಲ್ಲೇ ನಿಂತಿರ್ತಾರ. ಕಿವ್ಯಾಗಿನ ಸಣ್ಣ ಕೂದಲದಂಥ ಕಣ ಸತ್ರ ಮತ್ತ ಹುಟ್ಟಂಗಿಲ್ಲ, ಔಷಧಾನೂ ಇಲ್ಲ. ಹತ್ತಿ ತುರುಕಿದ್ರ ಸಾಲಂಗಿಲ್ಲ. ಫೋಮ್ ಇಯರ್‌ಪ್ಲಗ್ ಭಾಳ ಅಗ್ಗ, ಆದ್ರ ಹಾಕೋ ರೀತಿ ಕಲೀಬೇಕು: ಸ್ವಚ್ಛ ಕೈಲೆ ಬತ್ತಿಯಂಗ ಸಣ್ಣಗ ಹೊಸೀರಿ, ಇನ್ನೊಂದು ಕೈನ್ನ ತಲಿ ಹಿಂದಿನಿಂದ ತಂದು ಕಿವಿನ್ನ ಮ್ಯಾಲಕ್ಕ-ಹಿಂದಕ್ಕ ಜಗ್ರಿ, ಒಳಗ ಸರಸಿ, ಅದು ಉಬ್ಬೋತನಕ 20-30 ಸೆಕೆಂಡ್ ಬೆರಳಲೆ ಒತ್ತಿ ಹಿಡೀರಿ. ಪಾಕೀಟಿನ ಮ್ಯಾಲ 30 ಡೆಸಿಬಲ್ ಅಂತ ಬರದಿದ್ರೂ ನಿಜವಾಗಿ ಅರ್ಧ ಸಿಕ್ರ ಅದ ದೊಡ್ಡದು. ಮಾಲಕ್ರು ಡಬ್ಬಿಗಟ್ಟಲೆ ತಂದು ಶೆಡ್ಡಿನ ಬಾಗಲದಾಗ ಇಡಬೇಕು, ಇದು ಕೆಲಸಗಾರರ ಪಗಾರದಾಗ ಹಿಡಿಯೋ ಖರ್ಚಲ್ಲ.

ಪಾಳಿ ಮುಗದಮ್ಯಾಲ ಕಿವಿ ಗುಂಯ್ ಅಂತಿದ್ರ, ಮನ್ಯಾಗ ಟಿವಿ ಸೌಂಡ್ ಏರಸಾಕತ್ತಿದ್ರ ಇಎನ್‌ಟಿ ಡಾಕ್ಟರ್ ಕಡೆ ಆಡಿಯೋಮೆಟ್ರಿ (ಕಿವಿ ಎಷ್ಟ ಕೇಳತೈತಿ ಅನ್ನೋ ಪರೀಕ್ಷಾ) ಮಾಡಸ್ರಿ. ಗದ್ಲದಿಂದ ಹಾಳಾದ ಕಿವಿ ಮೊದಲ 4000 ಹರ್ಟ್ಸ್, ಅಂದ್ರ ಕೀರಲ ಸಪ್ಪಳದ ಹತ್ರ ಸೋಲತೈತಿ, ಮಾತು ಕೇಳಸತಿರ್ತೈತಿ ಅಂತ ನಮಗ ಗೊತ್ತಾಗಂಗಿಲ್ಲ, ಗ್ರಾಫಿನ್ಯಾಗ ಗೊತ್ತಾಗ್ತೈತಿ. ಕೆಲಸದಿಂದ ಸೀದಾ ಹೋಗಬ್ಯಾಡ್ರಿ, ಆಗ ಕಿವಿ ದಣದಿರ್ತಾವ, ರಿಪೋರ್ಟ್ ತಪ್ಪ ಬರ್ತೈತಿ. ಮಗ್ಗ ಸೂಟಿ ಇದ್ದ ಮರುದಿನ ಮುಂಜಾನೆ, ಪಾಳಿ ಹಿಡಿಯೂಕಿಂತ ಮೊದಲ ಹೋಗ್ರಿ.