ಎಂಥದ್ದು, ಹೇಗೆ: ಮಕ್ಕಳಿಗೆ ಇಂಗ್ಲಿಷ್ ಗುಣವಾಚಕ ಮತ್ತು ಕ್ರಿಯಾವಿಶೇಷಣಗಳ ಪಾಠ

ಅಡ್ಜೆಕ್ಟಿವ್, ಆಡ್ವರ್ಬ್ ಎಂಬ ಹೆಸರುಗಳನ್ನು ಮೊದಲ ದಿನವೇ ಹೇಳಿ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸಿದರೆ ಆರೇಳು ವರ್ಷದ ಮಗುವಿಗೆ ಅದರಿಂದ ಏನೂ ದಕ್ಕುವುದಿಲ್ಲ. ಅದರ ಬದಲು ಮಗುವಿನ ಕೈಗೆ ಒಂದು ಚೆಂಡನ್ನು ಕೊಟ್ಟು, ಅದು ಎಂಥದ್ದು ಎಂದು ಕೇಳಿರಿ. ಮಗು ಹೇಳುವ 'ಸ್ಮಾಲ್', 'ರೆಡ್', 'ಸಾಫ್ಟ್' ಎಂಬ ಮಾತುಗಳನ್ನು 'ಬಾಲ್' ಪದದ ಎಡಕ್ಕೆ ಬರೆಯಿರಿ. 'ಸ್ಮಾಲ್ ರೆಡ್ ಬಾಲ್' ಎನ್ನುವಲ್ಲಿ ಗಾತ್ರ ಮೊದಲು, ಬಣ್ಣ ಆಮೇಲೆ ಬರುವುದನ್ನು ನಿಯಮವಾಗಿ ವಿವರಿಸಬೇಕಾಗಿಲ್ಲ, ಮತ್ತೆ ಮತ್ತೆ ಕಿವಿಗೆ ಬಿದ್ದರೆ ಸಾಕು.

ಕ್ರಿಯಾವಿಶೇಷಣಕ್ಕೆ ಮೈಯ ಚಲನೆ ಬೇಕು. 'ಸ್ಲೋಲಿ', 'ಕ್ವೈಟ್ಲಿ', 'ಹ್ಯಾಪಿಲಿ' ಎಂದು ಬರೆದ ಚೀಟಿಗಳಲ್ಲಿ ಒಂದನ್ನು ಎತ್ತಿದ ಮಗು ಅದರಂತೆ ನಡೆದು ತೋರಿಸಲಿ, ಉಳಿದವರು ಅದು ಹೇಗೆ ನಡೆಯಿತು ಎಂಬುದನ್ನು ಊಹಿಸಿ ಇಂಗ್ಲಿಷಿನಲ್ಲಿ ಹೇಳಲಿ. ವಸ್ತುವನ್ನು ಕುರಿತು 'ಎಂಥದ್ದು', ಕೆಲಸವನ್ನು ಕುರಿತು 'ಹೇಗೆ' ಎಂಬ ಎರಡು ಪ್ರಶ್ನೆಗಳು ಮನಸ್ಸಿನಲ್ಲಿ ಬೇರೆಯಾದ ಮೇಲೆ ವ್ಯಾಕರಣದ ಹೆಸರುಗಳನ್ನು ಕೊಡಬಹುದು.

ಇಲ್ಲಿ ಕನ್ನಡವೇ ದೊಡ್ಡ ಆಸರೆ. 'ನಿಧಾನವಾದ ಬಸ್ಸು', 'ನಿಧಾನವಾಗಿ ಚಲಿಸಿತು' ಎಂಬ ವ್ಯತ್ಯಾಸ ಮಗುವಿಗೆ ಆಗಲೇ ಗೊತ್ತಿರುವುದರಿಂದ, 'ಸ್ಲೋ' ಮತ್ತು 'ಸ್ಲೋಲಿ' ಅದಕ್ಕೆ ಹೊಸ ವಿಚಾರವಾಗಿ ತೋರುವುದಿಲ್ಲ. ಆದರೆ ಈ ಆಸರೆ ಎಲ್ಲ ಕಡೆಯೂ ನಿಲ್ಲದು ಎಂಬುದನ್ನು ಕಲಿಸುವವರು ನೆನಪಿಡಬೇಕು. 'ಹೂವು ಸುಂದರವಾಗಿದೆ', 'ಸುಂದರವಾಗಿ ಕಾಣುತ್ತದೆ' ಎಂದು ನಾವು ಹೇಳುತ್ತೇವೆ. ಆ 'ಆಗಿ'ಯನ್ನೇ ನಂಬಿದ ಮಗು 'ದ ಫ್ಲವರ್ ಲುಕ್ಸ್ ಬ್ಯೂಟಿಫುಲಿ' ಎಂದು ಬರೆಯುವುದು ಸಹಜ. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕುವ ಮೊದಲು, ಸೌಂದರ್ಯ ಹೂವಿನದೋ ಕಾಣುವ ಕ್ರಿಯೆಯದೋ ಎಂದು ಕೇಳಿರಿ. ಹೂವಿನದೇ ಎಂದು ಮಗುವೇ ಕಂಡುಕೊಂಡರೆ, 'ಬ್ಯೂಟಿಫುಲ್' ಏಕೆ ಸರಿ ಎಂಬುದೂ ಅದಕ್ಕೆ ತಿಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಪಾಠದಲ್ಲಿ ಹೆಚ್ಚು ಸಮಯ ಬೇಡುವ ಜಾಗ ಇದೇ.

'ಲಿ' ಎಂಬ ಕೊನೆಯನ್ನು ನೋಡಿ ಗುರುತಿಸುವ ಅಭ್ಯಾಸವನ್ನೂ ಬೆಳೆಸಬಾರದು. 'ಫ್ರೆಂಡ್ಲಿ', 'ಲವ್ಲಿ' ಎಂಬವು ಗುಣವಾಚಕಗಳು; 'ಫಾಸ್ಟ್' ಎರಡೂ ಕೆಲಸಗಳಿಗೆ ರೂಪ ಬದಲಿಸದೆ ಬರುತ್ತದೆ; 'ಗುಡ್' ಎಂಬುದು 'ವೆಲ್' ಆಗುತ್ತದೆ; 'ಹಾರ್ಡ್ಲಿ' ಎಂದರೆ ಕಷ್ಟಪಟ್ಟು ಎಂದಲ್ಲ, ಇಲ್ಲವೆನ್ನುವಷ್ಟು ಕಡಿಮೆ ಎಂದು. ಇವನ್ನು ಒಂದೇ ದಿನ ಪಟ್ಟಿಯಾಗಿ ಕೊಡದೆ, ಓದುವಾಗ ಎದುರಾದಂತೆ ಒಂದೊಂದಾಗಿ ಪರಿಚಯಿಸಿರಿ. 'ವೆರಿ' ಎಂಬ ಪದ ಗುಣವಾಚಕಕ್ಕೂ ವಿಶೇಷಣವಾಗುವ ವಿಚಾರವು ಮುಂದಿನ ತರಗತಿಗೆ ಇರಲಿ.