ಉಳಿದ ಮಾತ್ರೆಗಳನ್ನು ಎಣಿಸತೊಡಗಿದ ಮೇಲೆ

ಅಮ್ಮನಿಗೆ ಮೂವರು ವೈದ್ಯರು ಬರೆದುಕೊಟ್ಟ ಔಷಧಿಗಳೆಲ್ಲ ಸೇರಿ ದಿನಕ್ಕೆ ಸುಮಾರು 9 ಮಾತ್ರೆಗಳಾಗುತ್ತಿದ್ದವು. ಮಾತ್ರೆಗಳನ್ನೆಲ್ಲ ಬರೆದಿಟ್ಟುಕೊಂಡ ಒಂದು ಹಾಳೆಯಿಂದ ಇದೆಲ್ಲ ಹಿಡಿತಕ್ಕೆ ಬರುವುದಿಲ್ಲವೆಂದು ತಮ್ಮ ವಾದಿಸುತ್ತಿದ್ದನಾದರೂ, ಕಳೆದ 14 ತಿಂಗಳಲ್ಲಿ ನಮ್ಮ ಲೆಕ್ಕ ಎರಡು ಬಾರಿಯಷ್ಟೇ ತಪ್ಪಿದೆ.

ಮೊದಲು ಕೊಂಡದ್ದು 28 ಖಾನೆಗಳ ಪೆಟ್ಟಿಗೆ. ಹೆಸರಿದ್ದ ಸ್ಟ್ರಿಪ್‌ಗಳನ್ನು ಎಸೆದ ಮೇಲೆ ಯಾವ ಬಿಳಿ ಮಾತ್ರೆ ಯಾವುದಕ್ಕೆಂದು ನನಗೇ ತಿಳಿಯದಾಯಿತು. ಅನಂತರ ಹಣ ಕಟ್ಟಿ ಮೊಬೈಲ್ ಆ್ಯಪ್ ಹಾಕಿಸಿದೆ. ಅಮ್ಮ ಅಲಾರಂ ನಿಲ್ಲಿಸುತ್ತಿದ್ದರು, ಮಾತ್ರೆಯನ್ನು ಮರೆಯುತ್ತಿದ್ದರು. ಎರಡಕ್ಕೂ ಸೇರಿ ಹೆಚ್ಚುಕಡಿಮೆ ಒಂದು ತಿಂಗಳ ಔಷಧಿಯ ಹಣ ವ್ಯರ್ಥವಾಯಿತು.

ಅದಕ್ಕಿಂತ ದೊಡ್ಡ ತಪ್ಪು ಬೇರೆಯಿತ್ತು. ಎರಡು ಬೇರೆ ಬೇರೆ ಬ್ರಾಂಡ್ ಹೆಸರುಗಳಲ್ಲಿ ರಕ್ತದೊತ್ತಡಕ್ಕೆ ಕೊಡುವ ಒಂದೇ ಆಮ್ಲೋಡಿಪಿನ್ ಅನ್ನು ಸುಮಾರು ಮೂರು ವಾರ ಕೊಟ್ಟಿದ್ದೆ. ಪಾದಗಳು ಊದಿಕೊಂಡು, ಎದ್ದು ನಿಂತರೆ ತಲೆ ಸುತ್ತುತ್ತದೆಂದು ಅಮ್ಮ ಹೇಳಿದಾಗಲೇ ಸ್ಟ್ರಿಪ್‌ನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದ್ದು. ಅಂದಿನಿಂದ ಹಾಳೆಯಲ್ಲಿ ಬ್ರಾಂಡಿನ ಹೆಸರಿಗಿಂತ ಮೊದಲು ಔಷಧಿಯ ಮೂಲ ಹೆಸರನ್ನು, ಅದು ಯಾವ ತೊಂದರೆಗೆಂಬುದನ್ನು ಬರೆಯುತ್ತೇನೆ, ಮತ್ತು ಪ್ರತಿ ಭೇಟಿಯಲ್ಲೂ ಆ ಹಾಳೆಯನ್ನೇ ವೈದ್ಯರ ಮುಂದಿಡುತ್ತೇನೆ. ಥೈರಾಯ್ಡ್‌ಗೆ ಕೊಡುವ ಥೈರಾಕ್ಸಿನ್ ಎದ್ದೊಡನೆ ಖಾಲಿ ಹೊಟ್ಟೆಗೆ, ಕ್ಯಾಲ್ಸಿಯಂ ಅದಾಗಿ ಕನಿಷ್ಠ 4 ಗಂಟೆಗಳ ನಂತರ. ಸಂಧಿವಾತದಂಥ ತೊಂದರೆಗಳಿಗೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಅದನ್ನು ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯವಾದ್ದರಿಂದ, ಅದನ್ನು ನುಂಗುವ ದಿನದ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದು, ಡಬ್ಬಿಯನ್ನು ಬೀಗ ಹಾಕಿ ಇಟ್ಟಿದ್ದೇನೆ.

ಆದರೆ ಹಾಳೆಯನ್ನು ಕಾಯುವುದು ಭಾನುವಾರದ ಎಣಿಕೆ. ಉಳಿಯಬೇಕಾದಷ್ಟೇ ಮಾತ್ರೆಗಳು ಉಳಿದಿವೆಯೇ ಎಂದು ನೋಡುವ ಈ ಕೆಲಸಕ್ಕೆ ಹತ್ತು ನಿಮಿಷ ಸಾಕು. ಮೊದಲ ವಾರವೇ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಐದು ಹೆಚ್ಚಾಗಿ ಉಳಿದಿದ್ದವು. ಹೊಟ್ಟೆ ತೊಳಸುತ್ತದೆಂದು ಅಮ್ಮ ಬಿಟ್ಟಿದ್ದರು. ವೈದ್ಯರು ಅದನ್ನು ನಿಧಾನವಾಗಿ ಕರಗುವ ಮಾತ್ರೆಗೆ ಬದಲಿಸಿದರು. ಅಂಥ ಮಾತ್ರೆಯನ್ನು ಪುಡಿಮಾಡಿದರೆ ಇಡೀ ದಿನದ ಔಷಧಿ ಒಮ್ಮೆಲೇ ದೇಹಕ್ಕೆ ಸೇರಬಹುದಾದ್ದರಿಂದ, ನುಂಗಲು ಕಷ್ಟವೆಂದು ಎಲ್ಲವನ್ನೂ ಪುಡಿಮಾಡುತ್ತಿದ್ದ ನನ್ನ ಹಳೆಯ ಅಭ್ಯಾಸವನ್ನೂ ಅಂದೇ ಬಿಟ್ಟೆ. ಪುಡಿಮಾಡದೆ ನುಂಗಲು ಅಮ್ಮನನ್ನು ಒಪ್ಪಿಸಿದ ಉಪಾಯ ಮಾತ್ರ ನಮ್ಮಿಬ್ಬರಲ್ಲೇ ಇರಲಿ.

ಕೆಮ್ಮಿನ ಸಿರಪ್ ಬಂದಾಗ ಒಂದು ಸಂಜೆ ಮನೆಯ ಆರು ಚಮಚಗಳನ್ನು ಸಿರಿಂಜಿನಿಂದ ನೀರು ತುಂಬಿಸಿ ಅಳೆದೆ. 5 ಮಿಲಿ ಹಿಡಿಯಬೇಕಾದವುಗಳಲ್ಲಿ ಒಂದು 3 ಮಿಲಿಗೇ ತುಂಬಿತು, ಇನ್ನೊಂದಕ್ಕೆ 7 ಬೇಕಾಯಿತು. ಈಗ ಸಿರಪ್ಪಿಗೆ ಬಾಟಲಿಯೊಂದಿಗೆ ಬರುವ ಅಳತೆಯ ಮುಚ್ಚಳ ಅಥವಾ ಸಿರಿಂಜ್ ಮಾತ್ರ. ಭಾನುವಾರದ ಎಣಿಕೆಯನ್ನು ಎರಡು ತಿಂಗಳಿಂದ ತಮ್ಮನೇ ಮಾಡುತ್ತಿದ್ದಾನೆ.