ಮಗನ ಕಿಸೆಯಲ್ಲಿ ಗುಟಕಾ ಚೀಟಿ ಸಿಕ್ಕರೆ ಏನು ಮಾಡಬೇಕು?

ಬಟ್ಟೆ ತೊಳೆಯಲು ಹಾಕುವಾಗ ಪ್ಯಾಂಟಿನ ಕಿಸೆಯಿಂದ ಒಂದು ಹರಿದ ಗುಟಕಾ ಚೀಟಿ ಬೀಳುತ್ತದೆ. ಮುಂದಿನದ್ದು ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲೂ ಹೆಚ್ಚುಕಡಿಮೆ ಒಂದೇ ಥರ. ಆಯಿ ಅಳುತ್ತಾಳೆ, ಅಪ್ಪ ಕೆನ್ನೆಗೆ ಎರಡು ಬಿಡುತ್ತಾನೆ, ದೊಡ್ಡಪ್ಪನಿಗೆ ಫೋನ್ ಹೋಗುತ್ತದೆ, ದೇವರ ಮುಂದೆ ಆಣೆ ಹಾಕಿಸಿ ಎಲ್ಲರೂ ಮಲಗುತ್ತಾರೆ. ಹುಡುಗ ಆ ರಾತ್ರಿ ಕಲಿಯುವುದು ಇಷ್ಟೇ: ಮುಂದಿನ ಸಲ ಚೀಟಿಯನ್ನು ಕಿಸೆಯಲ್ಲಿ ಇಟ್ಟುಕೊಳ್ಳಬಾರದು.

ಕರಾವಳಿಯ ಹೈಸ್ಕೂಲಿನಲ್ಲಿ ಪಾಠ ಮಾಡುತ್ತ, ಇಂಥ ತಂದೆತಾಯಿಗಳ ಎದುರು ಕೂತು ಮಾತಾಡುತ್ತ ಬಂದವಳು ನಾನು. ಪ್ರೀತಿಯಿಲ್ಲದ ಮನೆ ಕಂಡದ್ದು ಕಡಿಮೆ. ಆದರೆ ಆ ಮೊದಲ ಮಾತುಕತೆಯನ್ನು ಹಾಳು ಮಾಡಿಕೊಂಡ ಮನೆಗಳು ಬಹಳ. ಅದಕ್ಕಾಗಿ ಈ ಲೇಖನ.

ಹಂತ 1: ಮನೆಯ ಕವಳದ (ಎಲೆ ಅಡಿಕೆಯ) ತಬಕು ನೋಡಿ

ಚೀಟಿ ಸಿಗುವುದಕ್ಕೂ ಮೊದಲಿನ ಕೆಲಸ ಇದು. 13ರಿಂದ 15 ವಯಸ್ಸಿನ ಶಾಲಾ ಮಕ್ಕಳ ನಡುವೆ 2019ರಲ್ಲಿ ದೇಶದಾದ್ಯಂತ ನಡೆದ ಜಾಗತಿಕ ಯುವ ತಂಬಾಕು ಸಮೀಕ್ಷೆಯಲ್ಲಿ 8.5% ಮಕ್ಕಳು ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಜಗಿಯುವ ತಂಬಾಕಿನ ರುಚಿ ಹತ್ತಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹತ್ತು ವರ್ಷ ತುಂಬುವ ಮೊದಲೇ ಶುರುಮಾಡಿದವರು. ಹತ್ತು ವರ್ಷವೆಂದರೆ ನಾಲ್ಕನೇ, ಐದನೇ ಇಯತ್ತೆ. ಆ ವಯಸ್ಸಿಗೆ ಗೆಳೆಯರ ಗುಂಪು ಎಲ್ಲಿ ಬಂತು? ಮನೆಯೊಳಗೇ ಕಂಡದ್ದು ಅದು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕವಳ ಮರ್ಯಾದೆಯ ವಸ್ತು. ನೆಂಟರು ಬಂದರೆ ನೀರು, ಬೆಲ್ಲದ ಜೊತೆಗೇ ತಬಕು ಬರಬೇಕು. ನಾನು ಅದನ್ನು ಎತ್ತಿ ಎಸೆಯಿರಿ ಎನ್ನುವುದಿಲ್ಲ. ಆದರೆ ಅದರಲ್ಲಿರುವ ತಂಬಾಕಿನ ಎಸಳನ್ನು ಮಕ್ಕಳ ಕೈಗೆ ಸಿಗದ ಕಡೆ ಇಡಿ. "ತಮಾ, ಓಡಿಹೋಗಿ ಅಜ್ಜನಿಗೆ ಒಂದು ಕಟ್ಟು ಬೀಡಿ ತಾ" ಎಂದು ಗೂಡಂಗಡಿಗೆ ಅಟ್ಟುವುದನ್ನು ಇವತ್ತೇ ನಿಲ್ಲಿಸಿ. ಇನ್ನೊಂದು ಮಾತು, ಅಡಿಕೆಯಿಂದ ಬದುಕುವ ಊರಿನಲ್ಲಿ ಹೇಳಲು ಕಷ್ಟ, ಆದರೂ ಹೇಳಲೇಬೇಕು: ತಂಬಾಕಿಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ದಿನವೂ ಸಿಹಿ ಸುಪಾರಿ ಜಗಿಯುವ ಮಕ್ಕಳ ಕೆನ್ನೆಯ ಒಳಪದರ ಗಡುಸಾಗಿ, ಬಾಯಿ ಪೂರ್ತಿ ತೆರೆಯಲು ಬಾರದಂತೆ ಆಗಬಹುದು. ಮಗುವಿಗೆ ಸುಪಾರಿ ಚೀಟಿ ಕೊಡಿಸುವುದು ಬೇಡ.

ಹಂತ 2: ಸಿಕ್ಕಿದ್ದು ಏನೆಂದು ತಿಳಿಯಿರಿ

ಕರ್ನಾಟಕದಲ್ಲಿ ಗುಟಕಾ 2013ರಿಂದ ನಿಷಿದ್ಧ. ಆಮೇಲೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಎಂದು ಬೇರೆ ಬೇರೆಯಾಗಿ ಮಾರಾಟವಾಗುತ್ತಿದೆ. ಹುಡುಗರು ಎರಡನ್ನೂ ಅಂಗೈಯಲ್ಲಿ ಸೇರಿಸಿ ಬಾಯಿಗೆ ಹಾಕುತ್ತಾರೆ, ಪರಿಣಾಮ ಅದೇ. ಪೆನ್ ಡ್ರೈವ್‌ನಂತೆ ಕಾಣುವ, ಹಣ್ಣಿನ ವಾಸನೆ ಬರುವ ವಸ್ತು ಸಿಕ್ಕರೆ ಅದು ಇ-ಸಿಗರೇಟು. 2019ರ ಕಾನೂನಿನ ಪ್ರಕಾರ ಅದರ ಮಾರಾಟವೇ ಅಪರಾಧ, "ಇದರಲ್ಲಿ ಬರೀ ಆವಿ" ಎಂಬ ಮಾತು ಸುಳ್ಳು, ಒಳಗೆ ನಿಕೋಟಿನ್ ಇರುತ್ತದೆ. ತೆಳು ಸುರುಳಿ ಕಾಗದ, ಒಣ ಹಸಿರು ಸೊಪ್ಪಿನ ಚೂರು ಇದ್ದರೆ ಗಾಂಜಾ ಎಂದು ಅನುಮಾನಿಸಿ. ವೈಟ್ನರ್ ಅಥವಾ ಪಂಕ್ಚರ್ ಸೊಲ್ಯೂಷನ್ ಹಚ್ಚಿದ ಕರವಸ್ತ್ರ ಸಿಕ್ಕರೆ ತಡ ಮಾಡಬೇಡಿ. ಮೂಸುವ ಈ ವಸ್ತುಗಳಿಂದ ಹೃದಯ ತಟ್ಟನೆ ನಿಲ್ಲಬಹುದು, ಮೊದಲ ಸಲವೇ ನಿಲ್ಲಬಹುದು.

ಮಗು ಎಚ್ಚರ ತಪ್ಪಿದ್ದರೆ, ಉಸಿರು ನಿಧಾನವಾಗಿದ್ದರೆ ಈ ಲೇಖನ ಬದಿಗಿಟ್ಟು 108ಕ್ಕೆ ಕರೆ ಮಾಡಿ. ಅಂಗಾತ ಮಲಗಿಸಬೇಡಿ, ಮಗ್ಗುಲಾಗಿಸಿ.

ಹಂತ 3: ಆ ರಾತ್ರಿ ಸುಮ್ಮನಿರಿ

ಸಿಟ್ಟು ಇಳಿಯುವ ತನಕ ಬಾಯಿ ತೆರೆಯಬೇಡಿ. ಅವನು ನಶೆಯಲ್ಲಿದ್ದರೆ ಮಾತು ಬೆಳಿಗ್ಗೆಗೇ.

ಹಂತ 4: ಮೊದಲ ಮಾತು

ಹೆಚ್ಚಿನ ಮನೆಗಳು ಎಡವುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಓದಿ.

ಮಾತಾಡಬೇಕಾದವರು ಒಬ್ಬರೇ. ಅಪ್ಪ, ಆಯಿ, ಅಜ್ಜಿ, ಮಾವ ಎಲ್ಲ ಸುತ್ತ ಕೂತರೆ ಅದು ಪಂಚಾಯ್ತಿ, ಪಂಚಾಯ್ತಿಯಲ್ಲಿ ಯಾರೂ ನಿಜ ಹೇಳುವುದಿಲ್ಲ. ಮನೆಯಲ್ಲಿ ಯಾರ ಹತ್ತಿರ ಅವನು ಜಗಳ ಕಡಿಮೆ ಆಡುತ್ತಾನೋ ಅವರು ಮಾತಾಡಲಿ. ಅದು ಅಕ್ಕ ಆಗಿದ್ದರೂ ಸರಿ, ಚಿಕ್ಕಪ್ಪ ಆಗಿದ್ದರೂ ಸರಿ.

ಎದುರುಬದುರು ಕೂರಬೇಡಿ. ಹದಿಹರೆಯದವರಿಗೆ ಕಣ್ಣಲ್ಲಿ ಕಣ್ಣಿಟ್ಟು ನಿಜ ಹೇಳುವುದು ಬಹಳ ಕಷ್ಟ. ಅಡಿಕೆ ಸುಲಿಯುತ್ತ, ಬಲೆ ಸರಿಮಾಡುತ್ತ, ಸಂಜೆ ಸಮುದ್ರದ ದಂಡೆಯಲ್ಲಿ ನಡೆಯುತ್ತ ಮಾತಾಡಿ. ಕೈಗೆ ಕೆಲಸ ಇರಲಿ, ಇಬ್ಬರ ನೋಟವೂ ಒಂದೇ ದಿಕ್ಕಿಗಿರಲಿ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವಾಗ ಮಗ ಹೇಳಿದಷ್ಟು ಊಟದ ಮನೆಯಲ್ಲಿ ಹೇಳಲಿಲ್ಲ ಎಂದ ತಂದೆಯರು ಎಷ್ಟೋ ಮಂದಿ.

ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ "ನಿನ್ನ ಕಿಸೆಯಲ್ಲಿ ಎಂತ ಇತ್ತು?" ಎಂದು ಬಲೆ ಬೀಸಬೇಡಿ. ಅವನು ಸುಳ್ಳು ಹೇಳುತ್ತಾನೆ, ಆಮೇಲೆ ನಿಮ್ಮ ಜಗಳವೆಲ್ಲ ಸುಳ್ಳಿನ ಮೇಲೆ ನಡೆದು ತಂಬಾಕು ಮರೆತೇ ಹೋಗುತ್ತದೆ. ನೇರವಾಗಿ ಹೀಗೆ ಹೇಳಿ: "ತಮಾ, ಬಟ್ಟೆ ತೊಳೆಯುವಾಗ ನಿನ್ನ ಕಿಸೆಯಲ್ಲಿ ಈ ಚೀಟಿ ಸಿಕ್ತು. ನಂಗೆ ಹೆದರಿಕೆ ಆಯ್ತು. ಬೈಯಲಿಕ್ಕೆ ಕರೆದದ್ದಲ್ಲ. ಎಂತ ನಡೀತಾ ಇದೆ ಹೇಳು."

ಹೇಳಿ ಸುಮ್ಮನಾಗಿ. ಇದು ನಾನು ಕಂಡ ಅತ್ಯಂತ ಕಠಿಣವಾದ ಕೆಲಸ. ಅರ್ಧ ನಿಮಿಷದ ಮೌನ ತಡೆಯಲಾರದೆ ದೊಡ್ಡವರು ಭಾಷಣ ಶುರುಮಾಡುತ್ತಾರೆ: "ನಿನಗೋಸ್ಕರ ನಾವು ಎಷ್ಟು ಕಷ್ಟಪಟ್ಟೆವು..." ಬೇಡ. ಅವನು ಹತ್ತು ಅಡಿಕೆ ಸುಲಿಯುವವರೆಗೂ ಬಾಯಿ ಬಿಡದಿರಬಹುದು. ಕಾಯಿರಿ.

ಅವನು ಬಾಯಿ ಬಿಟ್ಟ ಮೇಲೆ ನಿಮಗೆ ತಿಳಿಯಬೇಕಾದವು ಕೆಲವೇ ಸಂಗತಿಗಳು. ಮೊದಲು ಯಾವಾಗ, ದಿನಕ್ಕೆ ಎಷ್ಟು, ಬೆಳಿಗ್ಗೆ ಎದ್ದ ಕೂಡಲೇ ಬೇಕೆನಿಸುತ್ತದೆಯೇ, ಒಂದು ದಿನ ಇಲ್ಲದಿದ್ದರೆ ಏನಾಗುತ್ತದೆ, ಬಿಡಲು ನೋಡಿದ್ದುಂಟೇ. ಎದ್ದು ಅರ್ಧ ಗಂಟೆಯೊಳಗೆ ಬೇಕು ಎಂದರೆ ಚಟ ಬೇರು ಬಿಟ್ಟಿದೆ, ಆರನೇ ಹಂತಕ್ಕೆ ಹೋಗಿ. ಗೆಳೆಯರ ಹೆಸರನ್ನು ಮೊದಲ ದಿನ ಕೇಳಲೇಬೇಡಿ. ಕೇಳಿದರೆ ನೀವು ಪೊಲೀಸರಾಗುತ್ತೀರಿ, ಅವನು ಗೆಳೆಯರ ಪಕ್ಷ ಸೇರುತ್ತಾನೆ.

ಕೆಲವು ಉತ್ತರ ಬಂದೇ ಬರುತ್ತವೆ, ತಯಾರಾಗಿರಿ. "ಒಂದೇ ಸಲ ಹಾಕಿದ್ದು" ಎಂದರೆ ಒಪ್ಪಿಕೊಳ್ಳಿ, ವಕೀಲರಂತೆ ಸವಾಲು ಹಾಕಬೇಡಿ, "ಸರಿ, ಆ ಒಂದು ಸಲ ಹೇಗನ್ನಿಸಿತು?" ಎಂದು ಕೇಳಿ. "ಎಲ್ಲರೂ ಹಾಕ್ತಾರೆ" ಎಂದರೆ ಲೆಕ್ಕ ಕೇಳಿ. ತರಗತಿಯಲ್ಲಿ ಎಷ್ಟು ಜನ, ಅದರಲ್ಲಿ ಯಾರ್ಯಾರು ಅಲ್ಲ? ಹಾಕದವರೇ ಹೆಚ್ಚು ಎಂಬುದು ಅವನ ಬಾಯಿಂದಲೇ ಬರುತ್ತದೆ. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: "ಅಪ್ಪನೂ ಕುಡೀತಾನಲ್ಲ?" ಆಗ "ದೊಡ್ಡವರ ವಿಷಯ ನಿನಗೆ ಬೇಡ" ಎಂದಿರೋ, ಮಾತು ಅಲ್ಲಿಗೇ ಮುಗಿಯಿತು. "ಹೌದು, ಕುಡೀತೇನೆ. ಶುರುಮಾಡುವುದು ಸುಲಭ ಇತ್ತು, ಬಿಡಲಿಕ್ಕೆ ಆಗ್ತಾ ಇಲ್ಲ" ಎಂದು ನಿಜ ಹೇಳಿದ ಒಬ್ಬ ತಂದೆ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿಗೆ ಹೋಗುವವರು. ಆ ಒಂದು ವಾಕ್ಯ ನಮ್ಮ ಶಾಲೆಯ ಎಲ್ಲ ಪೋಸ್ಟರ್‌ಗಳಿಗಿಂತ ಹೆಚ್ಚು ಕೆಲಸ ಮಾಡಿತು.

ಕ್ಯಾನ್ಸರ್ ಚಿತ್ರ ತೋರಿಸಿ ಹೆದರಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಹದಿನೈದರ ಹುಡುಗನಿಗೆ ನಲವತ್ತು ವರ್ಷ ಎಂಬುದು ಇನ್ನೊಂದು ಜನ್ಮ. ಬಾಯಿ ವಾಸನೆ, ಹಲ್ಲಿನ ಕಲೆ, ಕಬಡ್ಡಿಯಲ್ಲಿ ರೈಡ್ ಮಾಡುವಾಗ ಸಾಲದ ಉಸಿರು, ತಿಂಗಳಿಗೆ ಕಿಸೆಯಿಂದ ಹೋದ ದುಡ್ಡು ಇವು ಅವನಿಗೆ ಇವತ್ತೇ ತಟ್ಟುತ್ತವೆ.

ಕೊನೆಗೆ ಆಣೆ. ದಯವಿಟ್ಟು ಆಣೆ ಹಾಕಿಸಬೇಡಿ, ಮಂಜುನಾಥನ ಮೇಲೂ ಬೇಡ, ಮಾರಿಕಾಂಬೆಯ ಮೇಲೂ ಬೇಡ, ಆಯಿಯ ತಲೆ ಮುಟ್ಟಿಸಿಯೂ ಬೇಡ. ಚಟ ಬಿಡುವವರು ಒಂದೆರಡು ಸಲ ಜಾರುವುದು ಸಹಜ. ಆಣೆ ಮುರಿದ ಮಗು "ಇನ್ನೇನು, ಹೇಗೂ ಪಾಪಿಯಾದೆ" ಎಂದುಕೊಂಡು ಪೂರ್ತಿ ಇಳಿಯುತ್ತದೆ, ನಿಮ್ಮ ಹತ್ತಿರ ಮತ್ತೆಂದೂ ಬಾಯಿ ಬಿಡುವುದಿಲ್ಲ. ಬದಲು ಒಂದು ವಾರದ ಒಪ್ಪಂದ ಮಾಡಿಕೊಳ್ಳಿ: "ಭಾನುವಾರ ಮತ್ತೆ ಹೀಗೇ ನಡೆಯಲಿಕ್ಕೆ ಹೋಗುವ. ಹಾಕಿದ್ದರೆ ಹಾಕಿದೆ ಅಂತ ಹೇಳು, ಹೊಡೆಯುವುದಿಲ್ಲ." ಹೇಳಿದ ಮೇಲೆ ಹೊಡೆಯಲೇಬಾರದು.

ಮಗಳ ಚೀಲದಲ್ಲಿ ಸಿಕ್ಕರೂ ಇದೇ ಕ್ರಮ. ಮದುವೆ, ಮರ್ಯಾದೆ, "ನಾಳೆ ಯಾರು ಕೇಳ್ತಾರೆ" ಎಂಬ ಮಾತು ತರಬೇಡಿ. ಕಾಲೇಜು ಬಿಡಿಸಿ ಮನೆಯಲ್ಲಿ ಕೂರಿಸುವುದು ಚಿಕಿತ್ಸೆಯಲ್ಲ.

ಹಂತ 5: ಬಿಡುವ ಮೊದಲ ವಾರಗಳು

ತಂಬಾಕು ಬಿಟ್ಟ ಮೊದಲ ಎರಡು ಮೂರು ದಿನ ಸಿಡುಕು, ತಲೆನೋವು, ನಿದ್ದೆಗೇಡು ಜೋರು. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಆ ದಿನಗಳಲ್ಲಿ ಅವನು ಬಾಗಿಲು ಬಡಿದರೆ ತಿರುಗಿ ಬೈಯಬೇಡಿ. ಬೇಕೆನಿಸುವ ಚಪಲ ಕೆಲವೇ ನಿಮಿಷದ್ದು, ಸಮುದ್ರದ ತೆರೆಯಂತೆ ಏರಿ ಇಳಿಯುತ್ತದೆ. ಅಷ್ಟು ಹೊತ್ತು ದೀರ್ಘ ಉಸಿರು, ಒಂದು ಲೋಟ ನೀರು, ಬಾಯಿಗೆ ಸೋಂಪು ಅಥವಾ ನೆಲ್ಲಿ ಚೂರು, ಇಲ್ಲವೇ ಎದ್ದು ಹೊರಗೆ ಓಡಾಟ.

ಈಗ ಅಡ್ಡದಾರಿಗಳ ವಿಷಯ. ಊಟದಲ್ಲಿ ಗುಟ್ಟಾಗಿ ಬೆರೆಸುವ "ಕುಡಿತ ಬಿಡಿಸುವ ಪುಡಿ" ತರಬೇಡಿ. ಅದರಲ್ಲಿ ಏನಿದೆ ಎಂದು ನಿಮಗೆ ತಿಳಿಯುವ ದಾರಿಯಿಲ್ಲ. ಕುಡಿತ ತಡೆಯಲು ವೈದ್ಯರು ರೋಗಿಯ ಒಪ್ಪಿಗೆ ಪಡೆದೇ ಕೊಡುವ ಡೈಸಲ್ಫಿರಾಂ ಎಂಬ ಔಷಧಿಯಿದೆ. ಅಂಥದ್ದನ್ನು ತಿಳಿಯದೆ ತಿಂದವನು ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಗಿಡಮೂಲಿಕೆ ಸಿಗರೇಟಿನ ಹೊಗೆಯೂ ಹೊಗೆಯೇ, ಅದರಲ್ಲಿಯೂ ಟಾರು ಇರುತ್ತದೆ. ನಿಕೋಟಿನ್ ಚೂಯಿಂಗ್ ಗಮ್ ಮೆಡಿಕಲ್ ಅಂಗಡಿಯಲ್ಲಿ ಸುಮ್ಮನೆ ಸಿಗುತ್ತದೆ, ಆದರೆ ಹದಿನೆಂಟರೊಳಗಿನವರಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ಕದ್ದು ಮೂತ್ರ ಪರೀಕ್ಷೆ ಮಾಡುವ ಕಿಟ್‌ಗೂ ದುಡ್ಡು ಹಾಕಬೇಡಿ. ಅದು ಹೇಳುವುದಕ್ಕಿಂತ ಹೆಚ್ಚನ್ನು ಭಾನುವಾರದ ನಡಿಗೆ ಹೇಳುತ್ತದೆ.

ಒಂದು ಎಚ್ಚರಿಕೆ. ದಿನವೂ ಹೆಚ್ಚು ಕುಡಿಯುವ ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಬೇಡಿ. ಕೈನಡುಕ, ಬೆವರು ಶುರುವಾಗಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಭ್ರಮೆ ಹಿಡಿಯಬಹುದು. ಇದು ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ.

ಹಂತ 6: ಸಹಾಯ ಕೇಳುವುದು

ತಂಬಾಕು ಬಿಡಲು 1800-112-356, ಮಾದಕ ವಸ್ತುಗಳಿಗೆ 14446, ಮನಸ್ಸಿನ ಕಷ್ಟಕ್ಕೆ ಟೆಲಿ-ಮಾನಸ್ 14416. ಎಲ್ಲವೂ ಉಚಿತ. ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಗಾಂಜಾ ಎಂದರೆ ಜನ ಪೊಲೀಸರಿಗೆ ಹೆದರಿ ಆಸ್ಪತ್ರೆಗೇ ಹೋಗುವುದಿಲ್ಲ. ತಿಳಿದಿರಿ: ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ, ವ್ಯಸನಿಯು ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ, ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕ್ಕ ವಯಸ್ಸಿನಲ್ಲಿ ಹೆಚ್ಚು ಗಾಂಜಾ ಸೇದಿದವರಿಗೆ ಚಿತ್ತವಿಕಲತೆಯ ಅಪಾಯ ಹೆಚ್ಚು. ಮಗ ತನ್ನಷ್ಟಕ್ಕೆ ಮಾತಾಡುವುದು, ಎಲ್ಲರ ಮೇಲೂ ಸಂಶಯಪಡುವುದು ಕಂಡರೆ ಗಾಳಿ ಸೋಕಿತು ಎಂದು ತಾಯಿತ ಕಟ್ಟಿಸಿ ಸುಮ್ಮನಾಗಬೇಡಿ.

ಹಂತ 7: ಗೂಡಂಗಡಿ

ತಿದ್ದುಪಡಿಯಾದ ರಾಜ್ಯದ ಕಾನೂನಿನಂತೆ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಶಾಲೆ ಕಾಲೇಜಿನ 100 ಮೀಟರ್ ಒಳಗೆ ಮಾರುವಂತಿಲ್ಲ, ಬಿಡಿ ಸಿಗರೇಟು ಮಾರುವಂತಿಲ್ಲ. ಹದಿನೆಂಟರೊಳಗಿನ ಮಗುವಿಗೆ ತಂಬಾಕು ಅಥವಾ ಮದ್ಯ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಜೈಲು. ಒಬ್ಬರೇ ಹೋಗಿ ಜಗಳ ಕಾಯಬೇಡಿ. ಅಂಗಡಿಯವರು ನಿಮ್ಮೂರಿನವರೇ, ಅವರಿಗೂ ಹೊಟ್ಟೆಪಾಡಿದೆ. ನಾಲ್ಕು ತಾಯಂದಿರು ಸೇರಿ ಮೊದಲು ಮರ್ಯಾದೆಯಿಂದ ಹೇಳಿ, ಕೇಳದಿದ್ದರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮೂಲಕ ಪಂಚಾಯ್ತಿಗೆ ಬರೆದುಕೊಡಿ. ಹೆಂಗಸರು ಒಟ್ಟಾದರೆ ಏನಾಗುತ್ತದೆ ಎಂದು ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ತೋರಿಸಿದ್ದಾರೆ. 2017ರಲ್ಲಿ ಪದ್ಮಶ್ರೀ ಪಡೆದ, 2025ರ ಫೆಬ್ರುವರಿಯಲ್ಲಿ ನಮ್ಮನ್ನಗಲಿದ ಈ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸರಾಯಿಯ ವಿರುದ್ಧ ಊರಿನ ಹೆಂಗಸರನ್ನು ಕಟ್ಟಿಕೊಂಡು ನಿಂತವರು.

ಹಂತ 8: ಮತ್ತೆ ಹಾಕಿದರೆ

ಜಾರುವ ದಿನಗಳು ಮೊದಲೇ ಗೊತ್ತಿರುತ್ತವೆ. ಜೂನ್ ಜುಲೈಯ ಮೀನುಗಾರಿಕೆ ನಿಷೇಧದಲ್ಲಿ ಬೋಟಿನ ಹುಡುಗರು ಕೆಲಸವಿಲ್ಲದೆ ದಂಡೆಯಲ್ಲಿ ಕೂರುತ್ತಾರೆ. ಪರೀಕ್ಷೆ ಮುಗಿದ ಸಂಜೆ, ಶಿರಸಿ ಜಾತ್ರೆ, ಗಣೇಶ ವಿಸರ್ಜನೆಯ ರಾತ್ರಿ, ಗೋಕರ್ಣದ ಬೀಚು, ಮಾಜಾಳಿ ದಾಟಿ ಗೋವಾದ ಪೋಳೆಂ ಕಡೆಗೆ ಬೈಕಿನಲ್ಲಿ ಹೋಗಿ ಅಗ್ಗದ ಬಾಟಲಿ ತರುವ ಭಾನುವಾರ. ಮುಂಚಿನ ದಿನವೇ ಕೂತು ಮಾತಾಡಿ: ಯಾರು ಕರೆಯುತ್ತಾರೆ, ಬೇಡ ಎನ್ನುವುದು ಹೇಗೆ. ಉದ್ದ ಕಾರಣ ಕೊಡುವುದು ಕಲಿಸಬೇಡಿ, "ನಂಗೆ ಬೇಡ ಮಾರಾಯ, ನಾಳೆ ಮ್ಯಾಚ್ ಇದೆ" ಸಾಕು, ಮನೆಯಲ್ಲಿ ಒಮ್ಮೆ ಹೇಳಿಸಿ ನೋಡಿ. ಯಾವ ಹೊತ್ತಿಗೆ ಫೋನ್ ಮಾಡಿದರೂ ಬಂದು ಕರೆದುಕೊಂಡು ಹೋಗುತ್ತೇನೆ, ಆ ರಾತ್ರಿ ಪ್ರಶ್ನೆ ಕೇಳುವುದಿಲ್ಲ ಎಂದು ಮಾತು ಕೊಡಿ. ಫೋನ್ ಬಂದರೆ ಹೋಗಿ, ಹೆಲ್ಮೆಟ್ ಎರಡು ಇಟ್ಟುಕೊಂಡು ಹೋಗಿ, ದಾರಿಯಲ್ಲಿ ಏನೂ ಕೇಳಬೇಡಿ.